ಪಿಳ್ಳಮ್ಮನ ಕುಲುಮೆ, ರಾಜನ ಮೂಗು

ಹಲಸೂರಿನ ಪಿಳ್ಳಮ್ಮನನ್ನು ಮೋಸಗಾರ್ತಿ ಅಂದರಲ್ಲ, ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ! ಕೆರೆಯ ಜೇಡಿಮಣ್ಣು ತುಳಿದು ಒಲೆ ಕಟ್ಟುವುದು ಅವರ ಕಸುಬು. ಕಂಟೋನ್ಮೆಂಟಿನ ಎಷ್ಟೋ ಅಡುಗೆಮನೆಗಳಲ್ಲಿ ಅವರದೇ ಒಲೆ. ನಾನಂತೂ ಅವರ ಅಭಿಮಾನಿ, ಮುಚ್ಚಿಡುವುದೇನು?

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಕಾಕ್ಸ್‌ಟೌನಿನಲ್ಲಿ ಲೋಹಗಳ ಸಂಶೋಧನೆ ಮಾಡುತ್ತಿದ್ದ ವೆಂಕಟಸ್ವಾಮಿ ಎಂಬುವವರು ಪಿಳ್ಳಮ್ಮನನ್ನು ಕರೆಸಿದರು. ಸಾವಿರಾರು ವರ್ಷಗಳ ಹಿಂದೆ ಜನ ಹಸಿರು ಕಲ್ಲನ್ನು ಇದ್ದಿಲಲ್ಲಿ ಸುಟ್ಟು ತಾಮ್ರ ತೆಗೆದದ್ದು ಹೇಗೆ ಅಂತ ಮಾಡಿ ನೋಡುವ ಆಸೆ ಅವರದು. ಪಿಳ್ಳಮ್ಮ ಅವರ ಹಿತ್ತಲಲ್ಲಿ ಮೊಣಕಾಲೆತ್ತರದ ಮಣ್ಣಿನ ಕುಲುಮೆ ಕಟ್ಟಿದರು. ತಿದಿ ಒತ್ತಲು ಕಮ್ಮಾರ ಬಷೀರ್ ಬಂದ.

ಆರಿದ ಕುಲುಮೆ ಒಡೆದರೆ ತಳದಲ್ಲಿ ಕೆಂಪು ಗಟ್ಟಿ! ವೆಂಕಟಸ್ವಾಮಿ ಕುಣಿದಾಡಿದರು. ತೊಳೆದಾಗ ಮಾತ್ರ ಅದರ ಅಂಚಿನಲ್ಲಿ ಅರ್ಧ ಕರಗಿದ ತಾಮ್ರದ ಕಾಸು ಕಂಡಿತು. ಅದರ ಮೇಲೆ ರಾಜನ ಮೂಗು ಹಾಗೇ ಇತ್ತು.

“ಇದ್ಯಾರು ಹಾಕಿದ್ದು?”

“ನಾನೇ ಸ್ವಾಮಿ. ಹೊಸ ಒಲೇನ ಬರೀ ಮಡ್ಲಲ್ಲಿ ಬಿಡಬಾರ್ದು. ನಮ್ಮತ್ತೆ ಕಾಲದಿಂದ ಒಂದು ಕಾಸು ಹಾಕೇ ಬೆಂಕಿ ಹಚ್ಚೋದು. ಮನೆ ಒಲೇಲಾದ್ರೆ ಬೂದೀಲಿ ಸಿಕ್ಬಿಡತ್ತೆ. ಇಲ್ಲಿ ಕರಗ್ಹೋಗತ್ತೆ ಅಂತ ಹೊಳೀಲಿಲ್ಲ.”

“ಸುಳ್ಳು! ಬಕ್ಷೀಸಿನ ಆಸೆಗೆ ತಾಮ್ರ ಸೇರ್ಸಿದೀಯ. ಮೋಸಗಾರ್ತಿ! ನಡಿ ಆಚೆ!”

“ಅರೇ ಸಾಬ್,” ಅಂದ ಬಷೀರ್, “ಮೋಸ ಮಾಡೋರು ರಾಜನ ಮೂಗು ಉಳ್ಯೋ ಹಂಗೆ ಹಾಕ್ತಾರಾ?”

ಅವನನ್ನೂ ಓಡಿಸಿದರು. ಮೋಸಗಾರ್ತಿ ಅನ್ನೋ ಮಾತು ಪಿಳ್ಳಮ್ಮನಿಗಿಂತ ಮುಂಚೆ ಊರು ತಲುಪಿತ್ತು. ಒಲೆ ಹೇಳಿಟ್ಟಿದ್ದ ಮನೆಯವರು, ಈಗ ಬೇಡ ಅಂದುಬಿಟ್ಟರು. ಎಂಥ ಅನ್ಯಾಯ!

“ತಪ್ಪು ಮಾಡಿದೀನಿ, ಒಪ್ಕೋತೀನಿ. ಮೋಸ ಮಾಡಿಲ್ಲ,” ಅಂದವರೇ ಪಿಳ್ಳಮ್ಮ ವೆಂಕಟಸ್ವಾಮಿಯ ಬೇಲಿಯಾಚೆ ಬಿಸಾಡಿದ್ದ ಹಸಿರು ಕಲ್ಲುಗಳನ್ನು ಸೆರಗಿನಲ್ಲಿ ಕಟ್ಟಿ ತಂದು ಸ್ವಂತ ಅಂಗಳದಲ್ಲೇ ಕುಲುಮೆ ಕಟ್ಟಿದರು. ತಿದಿಗೆ ಬಷೀರನೇ ಬಂದ. ಈ ಸಲ ಕಾಸಿಲ್ಲ. ಬರೀ ಮಡಿಲ ಕುಲುಮೆಗೆ ಬೆಂಕಿ ಹಚ್ಚುವ ಮುಂಚೆ ಅವರು ಅತ್ತೆಯನ್ನು ನೆನೆದು ಕೈಮುಗಿದದ್ದನ್ನು ನಾವೆಲ್ಲ ನೋಡಿದೆವು.

ಒಡೆದರೆ ಕಲ್ಲು ಕರಗಿ ಉಳಿದ ಕರೀ ಕಿಟ್ಟ ಅಷ್ಟೇ. ತಾಮ್ರದ ಚೂರೂ ಇಲ್ಲ.

“ಅಕ್ಕಾ, ಒಂದು ಕಾಸು ಕರಗ್ಸಿ ತಗೊಂಡೋಗು,” ಅಂದ ಬಷೀರ್. “ಮೂಗು ಉಳೀದಂಗೆ ನಾನು ನೋಡ್ಕೋತೀನಿ.”

“ಬಾಯ್ಮುಚ್ಚೋ! ಬುಟ್ಟಿ ಎತ್ತು.”

ಕಾಕ್ಸ್‌ಟೌನಿಗೆ ಹೋಗಿ ಕಿಟ್ಟವನ್ನು ವೆಂಕಟಸ್ವಾಮಿಯ ಮೇಜಿನ ಮೇಲೆ ಇಟ್ಟರು. “ಕಾಸು ಹಾಕ್ದೆ ಸುಟ್ಟಿದ್ದು ಸ್ವಾಮಿ. ತಾಮ್ರ ಬರ್ಲಿಲ್ಲ. ಮೋಸಗಾರ್ತಿ ಆಗಿದ್ರೆ ಬರೀ ಕಿಟ್ಟ ಹೊತ್ಕೊಂಡು ಬರ್ತಿದ್ನಾ? ಆ ಮಾತು ವಾಪಸ್ ತಗೊಳ್ಳಿ.”

ಆತ ಮಾಡಿದ್ದೇನು ಗೊತ್ತಾ? ಭೂತಗನ್ನಡಿ ಹಿಡಿದು ಕಿಟ್ಟ ನೋಡತೊಡಗಿದರು! “ತಿದಿ ಗಾಳಿ ಜಾಸ್ತಿ ಆಗಿ ತಾಮ್ರ ಕಿಟ್ಟಕ್ಕೇ ಸೇರಿರ್ಬೇಕು. ಇದನ್ನ ಇಲ್ಲೇ ಬಿಟ್ಟೋಗು, ಬೇಕಾಗತ್ತೆ.”

ಪಿಳ್ಳಮ್ಮ ಬುಟ್ಟಿಯನ್ನು ತಮ್ಮತ್ತ ಎಳೆದುಕೊಂಡರು. “ಮೊದ್ಲು ಮಾತು. ಕಿಟ್ಟ ಆಮೇಲೆ.”

ವೆಂಕಟಸ್ವಾಮಿ ಮೇಜು ನೋಡುತ್ತಾ ಗೊಣಗಿದರು: “ಸರಿ. ಮೋಸ ಅಲ್ಲ.”

“ಬಷೀರ್ ಆಚೆ ನಿಂತಿದಾನೆ,” ಅಂದರು ಪಿಳ್ಳಮ್ಮ. “ಅವನಿಗೂ ಕೇಳ್ಬೇಕು. ಅವತ್ತು ಎಷ್ಟು ಜೋರಾಗಿ ಅಂದ್ರೋ, ಅಷ್ಟೇ ಜೋರಾಗಿ ಹೇಳಿ.”