ಲಿಗೋರಿ ಅಂಕಲ್ ಸಹಿ

ಬೆಳಿಗ್ಗೆ ಸೆವ್ರಿನ್ ಆಂಟಿ ಫೋನ್ ಮಾಡಿದ್ದರು. "ಇವರ ಹೆಸರಿಗೆ ಓಟು ಬಂದಿದೆ ಮಾರಾಯ. ಎಸೀಲಿಕ್ಕೆ ನನಗೆ ಕೈ ಬರುದಿಲ್ಲ. ಒಮ್ಮೆ ಬಂದು ಹೋಗು."

ಇವರು ಅಂದರೆ ಆಂಟಿಯ ಗಂಡ ಲಿಗೋರಿ ಅಂಕಲ್. ಅವರು ತೀರಿಕೊಂಡು ಆರು ತಿಂಗಳಾಗಿದೆ. ಲಕೋಟೆಗೆ ಅದು ಹೇಗೆ ಗೊತ್ತಾಗಬೇಕು?

ಸಿಯಾಟಲ್ ಇರುವ ಜಿಲ್ಲೆಯಾದ ನಮ್ಮ ಕಿಂಗ್ ಕೌಂಟಿಯಲ್ಲಿ ಮತಗಟ್ಟೆಯ ಸಾಲಿಲ್ಲ, ಬೆರಳಿಗೆ ಶಾಯಿಯಿಲ್ಲ. ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ, ಜೊತೆಗೆ ಅಭ್ಯರ್ಥಿಗಳು ತಮ್ಮನ್ನು ತಾವೇ ಹೊಗಳಿಕೊಂಡ ಒಂದು ಪುಸ್ತಕ. ಗುರುತು ಹಾಕಿ, ಲಕೋಟೆ ಅಂಟಿಸಿ, ಅದರ ಮೇಲೆ ಸಹಿ ಮಾಡಿ, ರಸ್ತೆ ಬದಿಯ ಡಬ್ಬಿಗೆ ಹಾಕಿದರೆ ಮುಗಿಯಿತು. ಆ ಸಹಿ ಕೌಂಟಿಯ ಕಡತದಲ್ಲಿರುವ ಸಹಿಗೆ ಹೊಂದಬೇಕು, ಅಷ್ಟೇ. ನಾನು ಇಲ್ಲಿನ ಪೌರನಾದ ಮೊದಲ ವರ್ಷ ಆ ಪುಸ್ತಕವನ್ನು ಪಿಜ್ಜಾ ಕೂಪನ್‌ಗಳ ಜೊತೆ ರೀಸೈಕ್ಲಿಂಗ್‌ಗೆ ಹಾಕಿದ್ದೆ. ಸಾಲದ್ದಕ್ಕೆ ಅದನ್ನು ಅಂಕಲ್ ಮುಂದೆ ಜಂಬದಿಂದ ಹೇಳಿಕೊಂಡೂ ಬಿಟ್ಟೆ. ಅವರು ಬೈಯಲಿಲ್ಲ. ಭಾನುವಾರ ಊಟಕ್ಕೆ ಬಾ ಎಂದರು.

ಅಂಕಲ್ ಮಂಗಳೂರಿನವರು. ವಿಮಾನದ ಕಾರ್ಖಾನೆಯಲ್ಲಿ ರೆಕ್ಕೆಗಳ ಲೆಕ್ಕ ಹಾಕುವ ಎಂಜಿನಿಯರ್ ಆಗಿ, ಸಿಯಾಟಲ್‌ನಲ್ಲಿ ಕನ್ನಡ ಮಾತು ಕೇಳುವುದೇ ಅಪರೂಪವಾಗಿದ್ದ ಕಾಲದಲ್ಲಿ ಬಂದವರು. ಎಜುಕೇಶನ್ ಹಿಲ್ ಎಂಬ ಗುಡ್ಡದ ಬಡಾವಣೆಯಲ್ಲಿ ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ ಅವರ ಮನೆ. ಚುನಾವಣೆ ಬಂತೆಂದರೆ ಚರ್ಚಿನಿಂದ ಬಂದ ಮೇಲೆ ಅಲ್ಲಿ ಸಣ್ಣ, ಕೋಳಿ ಸಾರು, ಮತ್ತು ಊಟದ ಮೇಜಿನ ತುಂಬ ಕೌಂಟಿಯ ನಕಾಶೆ. (ಸಣ್ಣ ಅಂದರೆ ಮಂಗಳೂರು ಕ್ರೈಸ್ತರ ಮನೆಯ ಇಡ್ಲಿ. ನನ್ನ ಮೈಸೂರಿನ ನಾಲಿಗೆ ಅದಕ್ಕೆ ಬಹಳ ಬೇಗ ಪಕ್ಷಾಂತರ ಮಾಡಿತು.) ಯಾರಿಗೆ ಓಟು ಹಾಕಬೇಕೆಂದು ಅಂಕಲ್ ಒಂದು ದಿನವೂ ಹೇಳಿದವರಲ್ಲ. ಆದರೆ ಗುರುತು ಹಾಕುವ ಕಪ್ಪು ಪೆನ್ನು ಅವರ ಕೈಯಲ್ಲಿರುತ್ತಿತ್ತು. ಒಂದು ಪ್ರಶ್ನೆಗೆ ಉತ್ತರ ಹೇಳದೆ ಅದು ಸಿಗುತ್ತಿರಲಿಲ್ಲ.

"ನಿನ್ನ ಮನೆ ಎದುರಿನ ಮಳೆನೀರು ಎಲ್ಲಿಗೆ ಹೋಗ್ತದೆ?"

"ಚರಂಡಿಗೆ ಅಂಕಲ್."

"ಚರಂಡಿಯಿಂದ?"

ನನಗೆ ಗೊತ್ತಿರಲಿಲ್ಲ. ಎರಡು ಕಾರು ನಿಲ್ಲುವ ಗ್ಯಾರೇಜಿನ ಮನೆ ಕೊಂಡಿದ್ದೆ, ಪಕ್ಕದ ಸಮಾಮಿಶ್ ಊರಿನ ಕಡೆ ಶಾಲೆ ಇನ್ನೂ ಚೆನ್ನಾಗಿದೆಯೋ ಎಂದು ವಿಚಾರಿಸಿಯೂ ಇದ್ದೆ. ನೀರಿನ ಗೊಡವೆ ನನಗೇಕೆ ಎಂದುಕೊಂಡಿದ್ದೆ. ಅಂಕಲ್ ನಕಾಶೆಯ ಮೇಲೆ ಬೆರಳಿಟ್ಟು ನೀರಿನ ಜೊತೆ ಹೊರಡುತ್ತಿದ್ದರು. ಗುಡ್ಡ ಇಳಿದು ಸಮಾಮಿಶ್ ನದಿ, ಅಲ್ಲಿಂದ ದೊಡ್ಡ ಸರೋವರ, ಆಮೇಲೆ ಕಾಲುವೆ, ಕೊನೆಗೆ ಸಮುದ್ರ. ದಾರಿಯಲ್ಲಿ ಕರ್ಕ್‌ಲ್ಯಾಂಡ್ ಸಿಕ್ಕರೆ, ಅದು ಉಕ್ಕಿನ ಊರಾಗಲು ಹೊರಟು ಆಗದೇ ಉಳಿದ ಕತೆ. ಬೆಲ್ವ್ಯೂ ಸಿಕ್ಕರೆ, ಇವತ್ತು ಗಾಜಿನ ಕಟ್ಟಡಗಳಿರುವ ಕಡೆ ಸ್ಟ್ರಾಬೆರಿ ಬೆಳೆಯುತ್ತಿದ್ದ ಜಪಾನೀ ರೈತರನ್ನು ಯುದ್ಧಕಾಲದಲ್ಲಿ ರೈಲು ಹತ್ತಿಸಿ ಶಿಬಿರಕ್ಕೆ ಕಳಿಸಿದ ಕತೆ. ಸರೋವರದ ದಕ್ಷಿಣ ತುದಿಗೆ ಬಂದಾಗ ಬೆರಳು ನಿಲ್ಲುತ್ತಿತ್ತು.

"ಇಲ್ಲೊಂದು ನದಿ ಇತ್ತು. ಕಾಲುವೆ ತೋಡಿದ್ರು, ಸರೋವರ ಇಳೀತು, ನದಿ ಒಣಗಿತು. ದಡದಲ್ಲಿ ಇದ್ದ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ. ಅವರಿಗೆ ಓಟು ಇರ್ಲಿಲ್ಲ ನೋಡು. ಸ್ಟ್ರಾಬೆರಿ ಬೆಳೆಸಿದ ಆ ಜಪಾನೀ ಮುದುಕರಿಗೂ ಇರ್ಲಿಲ್ಲ."

ಅಷ್ಟು ಹೇಳಿ ಪೆನ್ನು ಕೊಡುತ್ತಿದ್ದರು. ನನಗೆ ಪ್ರತಿ ಸಲವೂ ಅದು ಸಿಕ್ಕಿದ್ದು ಕೃಪಾಂಕದ ಮೇಲೆ. ನಡುವೆ ಯಾವುದಾದರೂ ಒಂದು ಹೆಸರು ಮರೆತೇ ಹೋಗುತ್ತಿತ್ತು.

ಅಂಕಲ್ ಸಹಿ ಕನ್ನಡದಲ್ಲಿತ್ತು. ಬ್ಯಾಂಕು, ಪಾಸ್‌ಪೋರ್ಟು, ಕೌಂಟಿಯ ಕಡತ, ಎಲ್ಲ ಕಡೆಯೂ "ಲಿಗೋರಿ", ಕೊನೆಯಲ್ಲಿ ಗುಡಿಸು ಎಳೆದು ಒಂದು ಗೆರೆ. ಅವರ ತಾಯಿ ಬದುಕಿಡೀ ಹೆಬ್ಬೆಟ್ಟು ಒತ್ತಿದವರು. ಮಗ ಸ್ಲೇಟಿನ ಮೇಲೆ ಬರೆದು ತೋರಿಸಿದ ಮೊದಲ ಹೆಸರು ಅದಂತೆ. ಅದನ್ನು ಅವರು ಬದಲಿಸಲೇ ಇಲ್ಲ.

ಹೋದ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ನಡುಗುತ್ತಿತ್ತು. ಲಕೋಟೆ ಮುಂದಿಟ್ಟುಕೊಂಡು ಒದ್ದಾಡುತ್ತಿದ್ದುದನ್ನು ನೋಡಲಾಗದೆ ನಾನೇ ಜಾಣತನ ತೋರಿಸಿದೆ. "ಇಂಗ್ಲಿಷ್‌ನಲ್ಲಿ ಎರಡಕ್ಷರ ಗೀಚಿಬಿಡಿ ಅಂಕಲ್, ಸಾಕು. ಅವ್ರಿಗೂ ಓದೋಕೆ ಈಸಿ." ಅವರು ನನ್ನ ಮುಖ ನೋಡಿದರು. ಆಮೇಲೆ ಗೀಚಿದರು.

ಮುಂದಿನ ವಾರ ಕಾಗದ ಬಂತು. ಸಹಿ ಹೊಂದುತ್ತಿಲ್ಲ, ಇಷ್ಟು ದಿನದೊಳಗೆ ಸರಿಪಡಿಸದಿದ್ದರೆ ನಿಮ್ಮ ಮತ ಎಣಿಕೆಗೆ ಸೇರುವುದಿಲ್ಲ ಎಂದು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಪೌರನಾದ ದಿನದಿಂದ ಒಂದು ಚುನಾವಣೆಯನ್ನೂ ತಪ್ಪಿಸದ ಮನುಷ್ಯನ ಓಟನ್ನು, ಪುಸ್ತಕ ಕಸಕ್ಕೆ ಹಾಕಿದವನು ಕೆಡಿಸಿದ್ದ. ಕೈಲಾಗದವರು ಒಂದು ಗುರುತು ಹಾಕಿ ಇಬ್ಬರು ಸಾಕ್ಷಿಗಳಿಂದ ಸಹಿ ಮಾಡಿಸಬಹುದು ಎಂದು ಓದಿ ಹೇಳಿದೆ.

"ಹೆಬ್ಬೆಟ್ಟು ಹಾಕ್ಲಿಕ್ಕೆ ನಾನು ಇಷ್ಟು ದೂರ ಬಂದದ್ದಾ?" ಎಂದರು ಅಂಕಲ್. ಅವರ ಕಣ್ಣು ತುಂಬಿತ್ತು.

ಮೂರು ದಿನ ಹಳೆಯ ಪುಸ್ತಕಗಳ ಅಂಚಿನಲ್ಲಿ ಬರೆದು ಬರೆದು ಅಭ್ಯಾಸ ಮಾಡಿದರು. "ಗೋ" ಬರುವಷ್ಟರಲ್ಲಿ ಕೈ ಸೋಲುತ್ತಿತ್ತು. ನಾಲ್ಕನೆಯ ದಿನ ನನ್ನನ್ನೂ ಆಂಟಿಯನ್ನೂ ಕೂರಿಸಿಕೊಂಡು, ಎಡಗೈಯಿಂದ ಬಲಗೈ ಹಿಡಿದು, ಕೌಂಟಿಯ ಆ ಕಾಗದದ ಗುರುತಿನ ಜಾಗದಲ್ಲಿ ಒಂದೇ ಅಕ್ಷರ ಬರೆದರು: ಲಿ. "ಇದು ಅಕ್ಷರ. ಅವರು ಗುರುತು ಅಂತ ಹೇಳಿಕೊಳ್ಳಲಿ" ಎಂದರು. ಕೆಳಗೆ ನಾವಿಬ್ಬರು ಸಾಕ್ಷಿ ಹಾಕಿದೆವು. ವಾರ ಕಳೆದು ಕೌಂಟಿಯ ವೆಬ್‌ಸೈಟಿನಲ್ಲಿ ಮತ ಸೇರಿದೆ ಎಂದು ಬಂದದ್ದನ್ನು ನನ್ನಿಂದ ಎರಡು ಸಲ ಓದಿಸಿದರು. ಅವರು ಓಟು ಹಾಕಿದವನು ಸೋತಿದ್ದ. "ಸೋತದ್ದಾದ್ರೂ ಲೆಕ್ಕಕ್ಕೆ ಬಂತಲ್ಲ" ಎಂದು ಮಗುವಿನ ಹಾಗೆ ನಕ್ಕರು.

ಇವತ್ತು ಮಳೆಯಲ್ಲಿ ನಡೆದೇ ಹೋದೆ. ಲಕೋಟೆ ಮೇಜಿನ ಮೇಲಿತ್ತು. ತೀರಿಕೊಂಡವರ ಹೆಸರನ್ನು ಪಟ್ಟಿಯಿಂದ ತೆಗೆಸಲು ಒಂದು ಫಾರ್ಮ್ ಇದೆ, ಸಾವಿನ ವಿಷಯ ಗೊತ್ತಿದ್ದ ಇನ್ನೊಬ್ಬ ಮತದಾರ ಸಹಿ ಹಾಕಿದರೆ ಆಯಿತು ಎಂದು ಹೇಳಿ, ಮನೆಯಿಂದಲೇ ತುಂಬಿಸಿ ತಂದಿದ್ದ ಅದನ್ನು ಬಿಚ್ಚಿಟ್ಟೆ. ಸಹಿ ಹಾಕಲು ಪೆನ್ನಿಗೆ ಕೈ ಚಾಚಿದೆ. ಆಂಟಿ ಆ ಕಪ್ಪು ಪೆನ್ನನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದರು. ಅಷ್ಟು ವರ್ಷ ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರೇ ಹೊರತು ನಡುವೆ ಒಂದು ಮಾತೂ ಆಡಿದವರಲ್ಲ.

"ನಿನ್ನ ಮನೆ ಎದುರಿನ ಮಳೆನೀರು ಎಲ್ಲಿಗೆ ಹೋಗ್ತದೆ?"

ನದಿ ಹೇಳಿದೆ, ಸರೋವರ ಹೇಳಿದೆ, ಕಾಲುವೆ, ಸಮುದ್ರ, ಒಣಗಿಹೋದ ಆ ಇನ್ನೊಂದು ನದಿಯನ್ನೂ ಹೇಳಿದೆ. ಒಂದು ಹೆಸರೂ ಮರೆಯಲಿಲ್ಲ. ಆಂಟಿ ಪೆನ್ನು ಕೊಟ್ಟರು.