ಗಾಜಿನಾಚೆಯ ಕೈ

ಹಾರ್ಲಿಂಗನ್ ಊರಿನ ಹಿಲ್ಕೆ, ಮೀನು ಸಾಕುವ ಉಪ್ಪುನೀರಿನ ತೊಟ್ಟಿಯ ಗಾಜಿಗೆ ಹವಳವನ್ನು ಕಚ್ಚಿಸುವ ಅಯಸ್ಕಾಂತದ ಪೀಠಗಳನ್ನು ಮನೆಯಲ್ಲೇ ಮಾಡುತ್ತಿದ್ದಳು. ತುಕ್ಕು ಹಿಡಿಯದಂತೆ ಅಂಟು ಮೆತ್ತಿದ ಪೀಠ ಹಿಡಿದು ಅವಳ ಕೈ ನೀರೊಳಗೆ. ಅದನ್ನು ಸೆಳೆಯುವ ಜೋಡಿ ಅಯಸ್ಕಾಂತ ಹಿಡಿದು ಗಂಡ ಸೀಟ್ಸೆಯ ಕೈ ಗಾಜಿನಾಚೆ. ಮದುವೆಯಾದಾಗಿನಿಂದ ಹೀಗೇ ನಡೆದಿತ್ತು.

ಈಗ ಅವನ ಎದೆಯೊಳಗೆ ಪೇಸ್‌ಮೇಕರ್ ಕೂತಿತ್ತು. ಅಯಸ್ಕಾಂತದ ಹತ್ತಿರ ಸುಳಿಯಲೇಬಾರದೆಂದು ಡಾಕ್ಟರು ಹೇಳಿದ್ದರು. ಹಿಲ್ಕೆ ಒಬ್ಬಳೇ ಹೆಣಗುವಾಗ ಹೊರಗಿನ ಅಯಸ್ಕಾಂತ ಕೈಜಾರಿ ನೆಲಕ್ಕೆ ಬಿತ್ತು. ಸದ್ದು ಕೇಳಿದ ಸೀಟ್ಸೆ ಹಳೇ ಅಭ್ಯಾಸದಂತೆ ಎತ್ತಿಕೊಡಲು ಓಡಿಬಂದ.

“ಬರಬೇಡ್ವೋ ಮಾರಾಯಾ, ಅಲ್ಲೇ ನಿಲ್ಲು!” ಹಿಲ್ಕೆ ಚೀರಿದಳು.

“ಅಯಸ್ಕಾಂತ ಯಾಕೆ ಬೇಕೇ, ನಿನ್ನ ಕೂಗಿಗೇ ನನ್ನೆದೆ ಒಡೆದೋಗುತ್ತೆ,” ಎಂದು ಅವನು ನಕ್ಕ.

ನಗುತ್ತಿದ್ದವನ ಕಾಲು ಮಾತ್ರ ಹೆದರಿ ಮೆಲ್ಲಗೆ ಹಿಂದೆ ಸರಿಯುತ್ತಿದ್ದುದನ್ನು ಕಂಡು ಅವಳು ಬಿದ್ದ ಅಯಸ್ಕಾಂತವನ್ನು ತಾನೇ ಎತ್ತಿ ಬೆನ್ನ ಹಿಂದೆ ಹಿಡಿದಳು.