ಸರಪಳಿಯಲ್ಲಿ ಕೇಳಿದ ಸದ್ದು

ನನ್ನ ಅಣ್ಣನ ಸಾವಿಗೆ, ಮಹಾಪೂರದಲ್ಲಿ ಶಿರೋಳದ ಕಡೆಯ ನಮ್ಮ ಹಳ್ಳಿಗೆ ದೋಣಿ ಕಳುಹಿಸದೆ ಕುಳಿತ ಅಧಿಕಾರಿಗಳೇ ಹೊಣೆ. ದೋಣಿ ಬಾರದ್ದರಿಂದ ಅತ್ತಿಗೆ ಬ್ಯಾರಲ್ ಕಟ್ಟಿದ ತೆಪ್ಪ ಹತ್ತಿದಳು, ಅದು ಮಗುಚಿ ಅವಳು ಮುಳುಗಿ ಸತ್ತಳು. ಇಷ್ಟನ್ನು ಹೇಳಲು ನನಗೆ ಅಳುಕಿಲ್ಲ. ಮುಂದಿನದನ್ನು ಹೇಳಲು ಅಳುಕಿದೆ. ವಿಜ್ಞಾನ ಓದಿದ ನಾನು ಇಂಥ ಮಾತುಗಳನ್ನು ನಕ್ಕು ತಳ್ಳಿಹಾಕುತ್ತಿದ್ದೆ.

ಅಣ್ಣ ಇಚಲಕರಂಜಿಯ ಶಹಾಪುರದಲ್ಲಿ ವಿದ್ಯುತ್ ಮಗ್ಗ ನಡೆಸುತ್ತಿದ್ದ. "ದೋಣಿ ಮ್ಯಾಲಿನ ನಂಬಿಗಿ ಹೋತು ತಂಗಿ. ಇನ್ನ ನೀರಿನ ತಳದಿಂದನ ಹೋಗಿ ಮಂದೀನ ಮುಟ್ಟತೇನಿ" ಎಂದವನು ಹಳೆಯ ಕಬ್ಬಿಣದ ಟ್ಯಾಂಕಿನಲ್ಲಿ ಒಬ್ಬರು ಕೂರುವಷ್ಟು ಜಲಾಂತರ್ಗಾಮಿ ಕಟ್ಟಿದ. ಉಸಿರಿಗೆ ಆಮ್ಲಜನಕದ ಸಿಲಿಂಡರು. ಬಿಟ್ಟ ಉಸಿರಿನ ವಿಷ ಹೀರಲು ಸುಣ್ಣದ ಡಬ್ಬಿ, ಗಾಳಿಯನ್ನು ಅದರೊಳಗೆ ಹಾಯಿಸಲು ಸಣ್ಣ ಫ್ಯಾನು. ಫ್ಯಾನಿಗೂ ಮೋಟಾರಿಗೂ ಇ-ರಿಕ್ಷಾದ ಬ್ಯಾಟರಿ. ಫ್ಯಾನಿಗೆ ಬೇರೆ ಬ್ಯಾಟರಿ ಬೇಕು, ಗಾಳಿ ಅಳೆಯುವ ಮೀಟರ್ ಬೇಕು ಎಂದು ವಾದಿಸಿದೆ.

"ಮೀಟರ್ ಯಾಕ? ಬೆನ್ನ ಮಾಡಿ ನಿಂತ್ರೂ ಯಾವ ಮಗ್ಗ ಕೆಟ್ಟೈತಿ ಅಂತ ನನ್ನ ಕಿವೀಗೆ ತಿಳೀತೈತಿ. ಫ್ಯಾನ್ ಗುಂಯ್ ಅನ್ನೂತನಕ ನಾ ಇದ್ದೇನಿ. ನಿಂತ್ರ ಎಳೀರಿ."

ಮಗ್ಗಗಳಿಗೆ ವಾರದ ರಜೆಯಿದ್ದ ಒಂದು ಮಧ್ಯಾಹ್ನ ಅವನು ಊರಾಚೆಯ ಕಲ್ಲುಗಣಿಯ ನೀರಿಗಿಳಿದ. ಅವನ ಜೊತೆಗಾರ ನೇಕಾರ ಬಾಳು ದಂಡೆಯಲ್ಲಿ, ಟ್ಯಾಂಕಿಗೆ ಕಟ್ಟಿ ರಾಟೆಗೆ ಸುತ್ತಿದ್ದ ಸರಪಳಿಗೆ ಕಿವಿ ಹಚ್ಚಿದ. ನಾನೂ ಹಚ್ಚಿದೆ. ಫ್ಯಾನಿನ ಸದ್ದು ಸ್ಪಷ್ಟವಾಗಿತ್ತು. ಮೇಲೆ ಬರುತ್ತೇನೆಂದು ಮಾತಾಗಿದ್ದ ಹೊತ್ತು ಮೀರಿತು. ಎಳೆಯೋಣ ಎಂದೆ.

"ಥಾಂಬಾ, ನಿಂದರ್ರಿ ಅಕ್ಕಾ. ಫ್ಯಾನ್ ಛಲೋ ನಡದೈತಿ. ಈಗ ಎಳದ್ರ ನಿಮ್ಮಣ್ಣ ನನ್ನ ಹರದ ತಿಂತಾನ" ಎಂದ ಬಾಳು.

ಬಿಸಿಲು ಇಳಿದಾಗ ನಾನೇ ರಾಟೆ ತಿರುಗಿಸಿದೆ. ಟ್ಯಾಂಕು ದಂಡೆ ಮುಟ್ಟುವವರೆಗೂ ಸರಪಳಿ ಗುಂಯ್‌ಗುಟ್ಟುತ್ತಿತ್ತು. ಮುಚ್ಚಳ ತೆರೆದೊಡನೆ ಸದ್ದು ನಿಂತಿತು. ಅಣ್ಣ ಕುಳಿತಲ್ಲೇ ತಣ್ಣಗಾಗಿದ್ದ. ಬ್ಯಾಟರಿಗೆ ನೀರು ನುಗ್ಗಿತ್ತು. ಒದ್ದೆಯಾಗಿ ಗಟ್ಟಿಗೊಂಡ ಸುಣ್ಣದಲ್ಲಿ ಫ್ಯಾನಿನ ರೆಕ್ಕೆಗಳು ಹೂತಿದ್ದವು. ಬಾಳು ಬೆರಳಿನಿಂದ ತಿರುಗಿಸಲು ನೋಡಿದ, ಅಲುಗಲಿಲ್ಲ.

"ಇದು ಯಾವಾಗೋ ನಿಂತೈತ್ರಿ. ಹಂಗಾರ ನಾ ಕೇಳಿದ್ದೇನು?"

ಅಂದು ಸುತ್ತಮುತ್ತ ಒಂದು ಮಗ್ಗವೂ ನಡೆದಿರಲಿಲ್ಲ. ಆಮೇಲೆ ಅದೇ ಸರಪಳಿಯನ್ನು ಅದೇ ನೀರಿಗಿಳಿಸಿ ಹಲವು ಸಲ ಕಿವಿ ಹಚ್ಚಿದ್ದೇನೆ, ಏನೂ ಕೇಳಿಸಿಲ್ಲ. ಆ ಸದ್ದು ಇಲ್ಲದಿದ್ದರೆ ನಾವು ಬೇಗ ಎಳೆಯುತ್ತಿದ್ದೆವು. ಅದು ಏನೆಂದು ಇಂದಿಗೂ ನನಗೆ ತಿಳಿದಿಲ್ಲ, ತಿಳಿಸಿರೆಂದು ಯಾರನ್ನೂ ಕೇಳುತ್ತಿಲ್ಲ.

ಬಾಳು ಈಗ ಅಂಥದ್ದೇ ಕಟ್ಟಲು ಇನ್ನೊಂದು ಟ್ಯಾಂಕು ಹುಡುಕುತ್ತಿದ್ದಾನೆ. ಅವನು ನೀರಿಗಿಳಿಯುವ ಮುನ್ನ, ಅಂದು ದೋಣಿ ಏಕೆ ಬರಲಿಲ್ಲವೆಂಬುದನ್ನು ಸಂಬಂಧಪಟ್ಟ ಅಧಿಕಾರಿಗಳು ಲಿಖಿತವಾಗಿ ತಿಳಿಸಬೇಕೆಂದೂ, ಬರುವ ಮಳೆಗೆ ಮೊದಲು ನಮ್ಮ ಹಳ್ಳಿಯ ದಂಡೆಯಲ್ಲಿ ಒಂದು ದೋಣಿಯನ್ನು ಇರಿಸಿ, ಅದನ್ನು ನಡೆಸುವವರನ್ನು ನೇಮಿಸಬೇಕೆಂದೂ ಈ ಮೂಲಕ ಆಗ್ರಹಪೂರ್ವಕವಾಗಿ ವಿನಂತಿಸುತ್ತೇನೆ.